ಎಂಟು ಸಾವಿರದ ಒಂದನೇ ಬಾಗಿಲು

ಮಂದಾಕಿನಿ ಕಟ್ಟಿ ಹುಬ್ಬಳ್ಳಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾಲ್ಕು ವರ್ಷ ಹನ್ನೊಂದು ಗೆಳತಿಯರ ಹೆಸರಿಗೆ ಹಾಜರಿ ಹೇಳಿದವಳು. ಒಮ್ಮೆ ಕ್ರಿಕೆಟ್ ಪಂದ್ಯದ ದಿನ ಇಡೀ ತರಗತಿಯಲ್ಲಿ ಅವಳೊಬ್ಬಳೇ ಕುಳಿತಿದ್ದಾಗ, ಕನ್ನಡಕ ಮರೆತು ಬಂದಿದ್ದ ಮೇಷ್ಟ್ರು ಪುಸ್ತಕದಿಂದ ತಲೆಯೆತ್ತದೆ ಹೆಸರು ಕರೆದರು. ಇಪ್ಪತ್ತಮೂರು ಜನ ಹಾಜರಿದ್ದರು. ಇವತ್ತು ಕ್ಲಾಸು ಬಹಳ ಶಾಂತವಾಗಿದೆ ಎಂದು ಮೇಷ್ಟ್ರು ಮೆಚ್ಚಿಕೊಂಡು ಪಾಠ ಶುರುಮಾಡಿದರು. ಈ ವಿದ್ಯೆಗೆ ಕಾಲೇಜಿನಲ್ಲಿ ಪ್ರಾಕ್ಸಿ ಎಂದು ಹೆಸರು. ಹದಿನಾರು ವರ್ಷಗಳ ನಂತರ ಚಂದ್ರನ ದಕ್ಷಿಣ ತುದಿಯ ದಿಬ್ಬದ ಮೇಲೆ ಅವಳಿಗೆ ಸಿಕ್ಕ ಕೆಲಸವೂ ಒಂದು ಪ್ರಾಕ್ಸಿಯನ್ನು ನೋಡಿಕೊಳ್ಳುವುದೇ ಆಗಿತ್ತು. ಓದಿದ್ದು ಉಪಯೋಗಕ್ಕೆ ಬರುವುದು ಅಪರೂಪ, ಓದದೆ ಮಾಡಿದ್ದು ನನ್ನ ಕೈಹಿಡಿಯಿತು ಎಂದು ಅವಳು ಹೇಳಿಕೊಳ್ಳುತ್ತಿದ್ದಳು.

ಅದು ನಾಲ್ವರ ನೆಲೆ. ಸೂರ್ಯ ಅಲ್ಲಿ ನೆತ್ತಿಗೇರುವುದೂ ಇಲ್ಲ, ಮುಳುಗಿ ಹೋಗುವುದೂ ಇಲ್ಲ. ಊಟಕ್ಕೆ ಕರೆಯಲಿ ಎಂದು ಕಾಯುವ ಅತಿಥಿಯಂತೆ ದಿಗಂತದ ಅಂಚಿನಲ್ಲೇ ಸುತ್ತು ಹಾಕುತ್ತಿರುತ್ತಾನೆ. ಗುರುತ್ವ ಭೂಮಿಯ ಆರನೇ ಒಂದು ಪಾಲು. ಗುರುಹಿರಿಯರ ಮೇಲಿನ ಭಯವೂ ಅಷ್ಟಕ್ಕೇ ಇಳಿದಿದೆ ಎಂದು ಮಂದಾಕಿನಿ ಬಂದ ಮೊದಲ ದಿನವೇ ಹೇಳಿ, ನೆಲೆಯ ಮುಖ್ಯಸ್ಥರಾದ ಕ್ಯಾಪ್ಟನ್ ಮುದ್ದಯ್ಯನವರಿಂದ ಬೈಸಿಕೊಂಡಿದ್ದಳು. ಅವರು ಕೊಡಗಿನವರು, ಸೈನ್ಯದಿಂದ ಬಂದವರು. ಎರಡು ಸಲ ಕೆಮ್ಮಿ, ಆಮೇಲೆ ಮಾತಾಡಿ, ಕೊನೆಗೆ "ಕೇಳಿಸ್ತಾ?" ಎನ್ನದಿದ್ದರೆ ಅವರ ವಾಕ್ಯ ಮುಗಿಯುತ್ತಿರಲಿಲ್ಲ. ಇನ್ನಿಬ್ಬರಲ್ಲಿ ಒಬ್ಬರು ಮಂಗಳೂರಿನ ಡಾಕ್ಟರ್ ಯಮುನಾ ಶೆಣೈ. ಎದುರಿಗೆ ಬಂದವರಿಗೆಲ್ಲ ನೀರು ಕುಡಿದಿರಾ ಎಂದು ಕೇಳುವುದು ಅವರ ಚಾಳಿ. ಮತ್ತೊಬ್ಬ ಆಳಂದದ ಸಿದ್ರಾಮ ಹೂಗಾರ. ಕಲ್ಲು ಪರೀಕ್ಷಿಸುವವನೂ ಅವನೇ, ಬಂಡಿ ಓಡಿಸುವವನೂ ಅವನೇ. ಮಂದಾಕಿನಿ ಮಿಮಿಕ್ರಿ ಮಾಡಿ ಯಾರ ದನಿ ತೆಗೆದರೂ ಹೊಟ್ಟೆ ಹಿಡಿದುಕೊಂಡು ನಗುವವನು ಅವನೊಬ್ಬನೇ, ಅವನದೇ ದನಿ ತೆಗೆದಾಗಲೂ.

ನೆಲೆಯ ಉಸಿರೆಲ್ಲ ಗೊಂಚಲಿನ ಕೈಯಲ್ಲಿತ್ತು. ನೆಲದಡಿಯ ಕೋಣೆಯಲ್ಲಿ ದ್ರಾಕ್ಷಿಯಂತೆ ಒತ್ತೊತ್ತಾಗಿ ಜೋಡಿಸಿದ್ದ ನಲವತ್ತು ಕಂಪ್ಯೂಟರುಗಳ ಗುಂಪಿಗೆ ಅವರಿಟ್ಟ ಹೆಸರು ಗೊಂಚಲು. ಅದರೊಳಗೆ ನೂರಾರು ಪುಟ್ಟ ಪ್ರೋಗ್ರಾಮುಗಳು. ಪ್ರತಿಯೊಂದೂ ತನಗೆ ಬೇಕಾದ ಬುತ್ತಿಯನ್ನು ತಾನೇ ಕಟ್ಟಿಕೊಂಡು ಬಂದ ಒಂದು ಡಬ್ಬಿ. ಒಂದು ಡಬ್ಬಿ ಒಬ್ಬರ ಕೋಣೆಯ ಬಿಸಿ ನೋಡುತ್ತದೆ, ಇನ್ನೊಂದು ಗಾಳಿ, ಮತ್ತೊಂದು ನೀರು. ಡಬ್ಬಿ ಕೆಟ್ಟರೆ ಗೊಂಚಲೇ ಅಂಥದ್ದೇ ಇನ್ನೊಂದನ್ನು ಎಬ್ಬಿಸುತ್ತದೆ; ಬೇಡವೆಂದು ಕಂಡರೆ ತಾನೇ ಅಳಿಸುತ್ತದೆ. ಅದಕ್ಕೆ ಏನಾದರೂ ಹೇಳಬೇಕೆಂದರೆ ಒಂದೇ ಒಂದು ಕಿಟಕಿ. ಕಿಟಕಿಗೆ ಹೋದಾಗಲೆಲ್ಲ ಯಾರು ನೀನು, ಕೀಲಿ ತೋರಿಸು ಎನ್ನುತ್ತದೆ.

ಮಂದಾಕಿನಿಯ ಮೇಜಿನ ಕಂಪ್ಯೂಟರಿನಲ್ಲಿ ಓಡುತ್ತಿದ್ದ ಪ್ರಾಕ್ಸಿ ಈ ಕಿರಿಕಿರಿ ತಪ್ಪಿಸಲೆಂದೇ ಇದ್ದದ್ದು. ಅದು ಅವಳ ಕೀಲಿಯನ್ನು ತಾನು ಹಿಡಿದುಕೊಂಡು ಕಿಟಕಿಯ ಮುಂದೆ ಸದಾ ನಿಂತಿರುತ್ತದೆ. ಆ ಕಂಪ್ಯೂಟರಿನೊಳಗೆ ಪೋರ್ಟ್ ಎಂದು ಕರೆಯುವ ಬಾಗಿಲುಗಳಲ್ಲಿ ಎಂಟು ಸಾವಿರದ ಒಂದನೆಯದರಲ್ಲಿ ಯಾರು ಏನು ಹೇಳಿದರೂ ಒಯ್ದು ಮುಟ್ಟಿಸುತ್ತದೆ. ನೀವು ಯಾರೆಂದು ಕೇಳುವುದಿಲ್ಲ. ಆ ಮೇಜಿಗೆ ಬಂದು ಕೂತವರು ಮನೆಯವರೇ ಇರಬೇಕು ಎಂಬ ನಂಬಿಕೆ ಅದರದು.

ಈ ನಂಬಿಕೆಯಿಂದ ನೆಲೆಯಲ್ಲಿ ಒಂದು ಪದ್ಧತಿ ಬೆಳೆದಿತ್ತು. ಗೊಂಚಲು ಬೆಳಿಗ್ಗೆ ಏಳಕ್ಕೆ, ಸಂಜೆ ಆರಕ್ಕೆ ನಾಲ್ವರ ಹೆಸರನ್ನೂ ಕರೆಯುತ್ತದೆ. ಒಬ್ಬೊಬ್ಬರೂ ತಮ್ಮ ತಮ್ಮ ಕೋಣೆಯಲ್ಲಿ ಕೀಲಿ ತೋರಿಸಿ, ಒಂದು ಪೂರ್ತಿ ವಾಕ್ಯ ಹೇಳಿ ಹಾಜರಿ ಕೊಡಬೇಕೆಂದು ನಿಯಮ. ಆದರೆ ಏಳು ಗಂಟೆಗೆ ಚಹಾ ಇಳಿಯುವುದು ಕಂಟ್ರೋಲ್ ರೂಮಿನಲ್ಲಿ. ಚಹಾ ಬಿಟ್ಟು ನಾಲ್ಕು ಕೋಣೆಗೆ ಓಡುವವರು ಯಾರು? ಹೀಗಾಗಿ ಎಲ್ಲರೂ ಮಂದಾಕಿನಿಯ ಮೇಜಿನ ಸುತ್ತ ನಿಂತು, ಲೋಟ ಹಿಡಿದು, ಪ್ರಾಕ್ಸಿಯ ಮೂಲಕವೇ ಹಾಜರಿ ಹೇಳುತ್ತಿದ್ದರು. ಶಿಸ್ತಿನ ಮುದ್ದಯ್ಯನವರೂ ತಣ್ಣಗಾದ ಚಹಾದ ಮುಂದೆ ಸೋತಿದ್ದರು. ಕೀಲಿಯ ತಪಾಸಣೆ ಹೀಗೆ ತಾನಾಗಿ ಬಿಟ್ಟುಹೋಗಿ, ದನಿಯ ತಪಾಸಣೆಯೊಂದೇ ಉಳಿಯಿತು.

ದನಿಯನ್ನು ಗುರುತಿಸುವ ಡಬ್ಬಿಯೂ ತನ್ನದೇ ರೀತಿಯದು. ನೆಲೆಯ ಗಾಳಿಯ ಒತ್ತಡ ದಿನಕ್ಕೊಂದು ಬಗೆ, ದನಿ ದಪ್ಪವೋ ಸಣ್ಣವೋ ಎಂಬುದನ್ನು ನಂಬುವಂತಿಲ್ಲ. ಆದ್ದರಿಂದ ಅದು ಮಾತಿನ ಧಾಟಿಯನ್ನು ನೋಡುತ್ತಿತ್ತು: ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಯಾವ ಅಕ್ಷರವನ್ನು ಒತ್ತುತ್ತಾರೆ, ಎಲ್ಲಿ ಎಳೆಯುತ್ತಾರೆ. ನೂರಕ್ಕೆ ಎಪ್ಪತ್ತು ಹೊಂದಿದರೆ ಹಾಜರು. ಹೊಂದಿದ ಪ್ರತಿಯೊಂದು ವಾಕ್ಯದಿಂದಲೂ ಅದು ಒಂದಿಷ್ಟು ಕಲಿಯುತ್ತಿತ್ತು, ಏಕೆಂದರೆ ಮನುಷ್ಯರ ಮಾತು ದಿನ ಕಳೆದಂತೆ ಬದಲಾಗುತ್ತದೆ.

ಒಂದು ಮಂಗಳವಾರ ಚಂದ್ರನ ನೆಲ ನಡುಗಿತು. ನೆಲೆಗೆ ಏನೂ ಆಗಲಿಲ್ಲ, ಚಹಾದ ಲೋಟಗಳು ನಿಧಾನವಾಗಿ ಹಾರಿ ನಿಧಾನವಾಗಿ ಇಳಿದವು. ಆದರೆ ಎಪ್ಪತ್ತು ಕಿಲೋಮೀಟರು ಆಚೆಯ ಬೆಟ್ಟದ ಏಣಿನ ಮೇಲಿದ್ದ ಪ್ರಸಾರ ಕಂಬ ಬಿತ್ತು. ಭೂಮಿಯೊಡನೆ ಮಾತು ನಿಂತಿತು. ಉಳಿದದ್ದು ಒಂದು ಸಪೂರ ಎಳೆ: ಎರಡು ಹೊತ್ತಿನ ಹಾಜರಿ ಮತ್ತು ದಿನಕ್ಕೆ ನಲವತ್ತು ಅಕ್ಷರ. ಕಂಬ ಎತ್ತಿ ನಿಲ್ಲಿಸಿ ಎರಡು ದಿನಕ್ಕೆ ಬರುತ್ತೇವೆಂದು ಮೂವರೂ ಮರುದಿನ ಬೆಳಗಿನ ಕರೆಗೆ ಮುಂಚೆಯೇ ಬಂಡಿಯಲ್ಲಿ ಹೊರಟರು. ಮೂವರೂ ಹೋಗೋಣ, ಮೂವರೂ ಬರೋಣ ಎಂದು ಮುದ್ದಯ್ಯ ಮಾತು ಕೊಟ್ಟರು. ಗೊಂಚಲು ನೋಡಿಕೊಳ್ಳಲು ಮಂದಾಕಿನಿ ಉಳಿದಳು. ಹೋಗುವಾಗ ಸಿದ್ರಾಮ, ಎರಡು ದಿನ ನಿಮ್ಮ ಕೂಡ ನೀವೇ ಮಾತಾಡ್ರಿ ಬಾಯಾರ, ಜಗಳ ಮಾತ್ರ ಮಾಡಬ್ಯಾಡ್ರಿ, ಬಿಡಿಸಲಾಕ ಯಾರೂ ಇರಂಗಿಲ್ಲ ಎಂದು ತಮಾಷೆ ಮಾಡಿ ಹೋದ.

ಕಣಿವೆಗೆ ಇಳಿದ ಮೇಲೆ ಬಂಡಿಯ ದನಿ ಕೇಳಿಸಲಿಲ್ಲ. ಎರಡು ದಿನ ಕಳೆಯಿತು, ಮೂರನೆಯದೂ ಬಂತು. ಗೊಂಚಲು ಹೆಸರು ಕರೆಯುತ್ತಿತ್ತು. ಮೂರು ಹೆಸರಿಗೆ ಉತ್ತರವಿರಲಿಲ್ಲ. ಐದು ಕರೆ ಹೀಗೇ ಹೋದವು.

ಆರನೆಯದರ ಮುಂಚೆ ಮಂದಾಕಿನಿ ನಿಯಮದ ಪುಟ ತೆರೆದು ಕೂತಳು. ಅವಳಿಗೆ ಅದು ಬಾಯಿಪಾಠವೇ, ಆದರೂ ಎಲ್ಲಾದರೂ ಒಂದು ಸಂದು ಸಿಕ್ಕೀತೇ ಎಂದು. ಆರು ಕರೆಗೆ ಸತತವಾಗಿ ಓಗೊಡದವರ ಡಬ್ಬಿಗಳನ್ನು ಗೊಂಚಲು ಅಳಿಸುತ್ತದೆ. ಮೂವರಿಗಿಂತ ಕಡಿಮೆ ಜನ ಉಳಿದರೆ ನೆಲೆಯನ್ನೇ ಮಡಚುತ್ತದೆ: ಬಂಡಿಗೆ ದಾರಿ ತೋರಿಸುವ ಎತ್ತರದ ದೀಪ, ರೇಡಿಯೊ ಸೂಚಿ, ಹೊರಬಾಗಿಲಿನ ಬಿಸಿ ಎಲ್ಲ ಆರಿಸಿ, ಇದ್ದ ವಿದ್ಯುತ್ತನ್ನೆಲ್ಲ ಉಳಿದವರ ಒಂದು ಕೋಣೆಗೆ ಕೊಟ್ಟು, ನಲವತ್ತು ದಿನಕ್ಕೆ ಬರುವ ಹಡಗಿಗಾಗಿ ಕಾಯುತ್ತದೆ. ಬರೆದವರು ಕಟುಕರಲ್ಲ. ಇರುವವರನ್ನು ಉಳಿಸುವ ದಾರಿ ಅದು. ಆದರೆ ಬಂಡಿಯಲ್ಲಿ ಹನ್ನೆರಡು ದಿನದ ಗಾಳಿಯಿತ್ತು. ಇನ್ನೂ ಒಂಬತ್ತು ದಿನ ಅವರು ಬದುಕಿರಬಹುದು. ದೀಪ ಆರಿದರೆ ಆ ನೆರಳಿನ ಕಣಿವೆಯಿಂದ ಯಾವ ದಿಕ್ಕಿಗೆ ಬರುವುದು?

ಭೂಮಿಗೆ ತಿಳಿಸೋಣವೆಂದು ಅವಳು 'ಮೂವರು ಹೊರಗೆ, ಸಂಪರ್ಕವಿಲ್ಲ' ಎಂದು ಬರೆದಳು. ಕಳಿಸುವ ಮುನ್ನ ಬೆರಳು ನಿಂತಿತು. ಅಲ್ಲಿಯೂ ಇದೇ ನಿಯಮದ ಪುಟ ತೆರೆದಿರುತ್ತದೆ. ಒಂದು ಗಂಟೆಯೊಳಗೆ ಮಡಚಿ ಎಂದು ಆಜ್ಞೆ ಬರುತ್ತದೆ. ಅಳಿಸಿ, 'ಎಲ್ಲ ಸರಿ' ಎಂದು ಬರೆದು ಕಳಿಸಿದಳು.

ಆರು ಗಂಟೆಗೆ ಗೊಂಚಲು ಮುದ್ದಯ್ಯ ಎಂದಿತು. ಮಂದಾಕಿನಿ ಅಡುಗೆಮನೆಯಿಂದ ತಂದ ಸ್ಟೀಲಿನ ಪಾತ್ರೆಗೆ ಮುಖ ಒಡ್ಡಿ, ಎರಡು ಸಲ ಕೆಮ್ಮಿ, "ಕಟ್ಟಿ, ಇದು ನಾಟಕ ಕಂಪನಿ ಅಲ್ಲ, ಕೇಳಿಸ್ತಾ?" ಎಂದಳು. ಪರದೆಯ ಮೇಲೆ ಎಪ್ಪತ್ತಾರು ಬಂತು. ಹಾಜರು. ಯಮುನಾ ಶೆಣೈ ಎಂದಿತು. "ನೀರು ಕುಡಿದಿಯಾ ಮಾರಾಯ್ತಿ, ಬಾಟ್ಲಿ ಹಾಗೇ ಉಂಟಲ್ಲ." ಎಂಬತ್ತೊಂದು. ಸಿದ್ರಾಮ ಹೂಗಾರ ಎಂದಿತು. "ಇಲ್ಲೇ ಅದೀನ್ ನೋಡ್ರಿ ಬಾಯಾರ, ಎಲ್ಲಿ ಹೋಗ್ಲಿ." ಎಂಬತ್ತನಾಲ್ಕು.

ಆಳಂದದ ಬಸ್ ನಿಲ್ದಾಣದ ಎದುರು ಸಿದ್ರಾಮನ ಅಕ್ಕ ನಾಗವ್ವ ಹೂವಿನ ಬುಟ್ಟಿ ಇಟ್ಟುಕೊಂಡು ಕೂರುತ್ತಾಳೆ. ತಾಯಿ ಸತ್ತ ಮೇಲೆ ತಮ್ಮನನ್ನು ಬೆಳೆಸಿದವಳು ಅವಳೇ. ಅವಳ ಫೋನಿನಲ್ಲಿ ಅವನ ಹೆಸರಿನ ಎದುರಿಗೆ ಒಂದು ಚುಕ್ಕೆ. ಹಾಜರಿ ಬಂದರೆ ಹಸಿರು, ಬರದಿದ್ದರೆ ಹಳದಿ. ಎರಡೂವರೆ ದಿನದಿಂದ ಅದು ಹಳದಿಯಾಗಿತ್ತು. ಅವಳು ಯಾರಿಗೂ ಹೇಳಿರಲಿಲ್ಲ, ಸೇವಂತಿಗೆ ಮಾರುವುದನ್ನು ಮಾತ್ರ ಬಿಟ್ಟಿದ್ದಳು, ಹಳದಿ ನೋಡಲಾಗುತ್ತಿರಲಿಲ್ಲ. ಆ ಸಂಜೆ ಚುಕ್ಕೆ ಹಸಿರಾಯಿತು. ನಾಗವ್ವ ಬುಟ್ಟಿಯಲ್ಲಿದ್ದ ಹೂವನ್ನೆಲ್ಲ ಬಸ್ಸಿಗೆ ಕಾಯುತ್ತಿದ್ದ ಹೆಂಗಸರಿಗೆ ಮೊಳ ಅಳೆಯದೆ ಹಂಚಿ ಮನೆಗೆ ಹೋದಳು.

ನೆಲೆಯಲ್ಲಿ ಮಂದಾಕಿನಿಯ ದಿನಗಳು ಎರಡು ಕರೆಗಳ ನಡುವೆ ತೂಗುಬಿದ್ದವು. ದೀಪ ಉರಿಸಲು ವಿದ್ಯುತ್ತು ಸಾಲದೆ ಬಂದಾಗ ಅವಳು ತನ್ನ ಕೋಣೆಯ ಬಿಸಿಯ ಡಬ್ಬಿಯನ್ನೇ ಅಳಿಸಿ, ಹಾಸಿಗೆಯನ್ನು ಕಂಟ್ರೋಲ್ ರೂಮಿಗೆ ತಂದಳು. ಅಡುಗೆಮನೆಯಲ್ಲಿ ಒಂದೇ ಪೊಟ್ಟಣ ಬಿಸಿಮಾಡಿ ನಿಂತೇ ತಿನ್ನುತ್ತಿದ್ದಳು. ನಾಲ್ಕು ಕುರ್ಚಿಗಳಿದ್ದ ಮೇಜಿಗೆ ಕೂತರೆ ಮೂರು ಖಾಲಿ, ನಿಂತರೆ ನಾಲ್ಕೂ ಖಾಲಿ, ಸಮ ಸಮ. ಮೊದಮೊದಲು ಹಾಜರಿಗಷ್ಟೇ ದನಿ ತೆಗೆಯುತ್ತಿದ್ದವಳು ಕ್ರಮೇಣ ಊಟದ ಹೊತ್ತಿಗೂ ತೆಗೆಯತೊಡಗಿದಳು. ಉಪ್ಪು ಕಮ್ಮಿಯಾಗಿದೆ ಎಂದು ಮುದ್ದಯ್ಯ ಬೈಯುತ್ತಿದ್ದರು, ಬಿ.ಪಿ.ಗೆ ಒಳ್ಳೆಯದು ಎಂದು ಯಮುನಕ್ಕ ಪಕ್ಷ ವಹಿಸುತ್ತಿದ್ದರು, ಸಿದ್ರಾಮ ನಗುತ್ತಿದ್ದ. ಅವನ ನಗುವನ್ನು ತೆಗೆಯುವುದು ಮಾತ್ರ ಕಷ್ಟವಾಗುತ್ತಿತ್ತು. ಮಿಮಿಕ್ರಿ ಮಾಡುವವರಿಗೆ ಎದುರಿಗೆ ನಗುವವರು ಬೇಕು. ನಗುವವನನ್ನೇ ಮಿಮಿಕ್ರಿ ಮಾಡಿದರೆ ಕೇಳುವವರು ಯಾರೂ ಉಳಿಯುವುದಿಲ್ಲ.

ಏಳನೆಯ ದಿನ ಬೆಳಿಗ್ಗೆ ಮೂವರ ಹಾಜರಿ ಮುಗಿಸಿ, ಇನ್ನೇನು ಎಲ್ಲ ಆಯಿತೆಂದು ಅವಳು ಪಾತ್ರೆ ತೊಳೆಯಲು ಹೋದಳು. ಮರಳಿ ಬಂದಾಗ ಪರದೆಯ ಮೇಲೆ ನಾಲ್ಕನೆಯ ಸಾಲು ಹಳದಿಯಾಗಿತ್ತು. ಮಂದಾಕಿನಿ ಕಟ್ಟಿ: ಗೈರು. ಹೆಸರು ಕರೆದದ್ದು ಕೇಳಿಸಿತ್ತು. ತನ್ನನ್ನು ಕರೆಯುತ್ತಿದೆ ಎಂದು ಅನಿಸಿರಲಿಲ್ಲ, ಅಷ್ಟೇ. ಧಾರವಾಡದಲ್ಲಿ ಪಿ.ಯು. ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರಾದ ಅವಳ ಗಂಡ ಶ್ರೀಪಾದ ಆ ಒಂದು ಹೊತ್ತು ಚುಕ್ಕೆ ನೋಡಿಕೊಂಡು ಏನೆಂದುಕೊಂಡನೋ. ಸಂಜೆ ಅವಳು ತನ್ನ ಹೆಸರಿಗೆ ಮೊದಲೇ ಎದ್ದು ನಿಂತಿದ್ದಳು.

ಒಂದು ಸಮಾಧಾನವೆಂದರೆ ಅವಳ ಕಲೆ ದಿನದಿಂದ ದಿನಕ್ಕೆ ಪಳಗುತ್ತಿತ್ತು. ಮುದ್ದಯ್ಯ ಎಪ್ಪತ್ತಾರರಿಂದ ಎಂಬತ್ತೆಂಟಕ್ಕೆ ಏರಿದರು, ಅಲ್ಲಿಂದ ತೊಂಬತ್ತೈದಕ್ಕೆ. ಯಮುನಕ್ಕ ತೊಂಬತ್ತೇಳು. ಸಿದ್ರಾಮ ತೊಂಬತ್ತೊಂಬತ್ತು. ನಿಜವಾದ ಸಿದ್ರಾಮನೇ ನಿಂತು ಹೇಳಿದಾಗಲೂ ತೊಂಬತ್ತೆರಡು ದಾಟಿದ್ದು ಅವಳು ನೋಡಿರಲಿಲ್ಲ. ಅವನಿಗಿಂತ ಚೆನ್ನಾಗಿ ಅವನಾಗಿದ್ದೇನೆ, ಬರಲಿ, ತೋರಿಸುತ್ತೇನೆ ಎಂದು ಅವಳು ಆ ಅಂಕಿಯನ್ನು ಗೋಡೆಯ ಮೇಲೆ ಬರೆದಿಟ್ಟಳು. ಮಿಮಿಕ್ರಿಯವರಿಗೆ ಹೊಗಳಿಕೆಯ ಮೇಲೆ ಸಂಶಯ ಬರುವುದಿಲ್ಲ.

ಹನ್ನೊಂದನೆಯ ದಿನ ಮಧ್ಯಾಹ್ನ ರೇಡಿಯೊ ಗರಗರ ಎಂದಿತು. ಡಾಕ್ಟರರ ದನಿ. ಬಂಡಿ ಎರಡು ಕಿಲೋಮೀಟರು ಹಿಂದೆ ನಿಂತುಹೋಯಿತು, ನಡೆದು ಬರುತ್ತಿದ್ದೇವೆ, ದೀಪ ಕಾಣ್ತಾ ಉಂಟು ಎಂದರು. ಮಂದಾಕಿನಿಗೆ ಉತ್ತರ ಕೊಡಲು ಯಾವ ದನಿಯೂ ತಕ್ಷಣ ಸಿಗಲಿಲ್ಲ. ಕೊನೆಗೆ, ಮೂವರೂ ಆರಾಮೇನ್ರಿ ಎಂದು ಕೇಳಿದಳು.

ಆ ಕಡೆಯಿಂದ ಮುದ್ದಯ್ಯ, ಇಬ್ಬರು ಎಂದರು.

ಎರಡನೆಯ ದಿನ ಕಂಬದ ಬುಡದಲ್ಲಿ ಇಳಿಜಾರು ಕುಸಿದು ಬಂಡಿ ಅರ್ಧ ಹೂತುಹೋಗಿತ್ತು. ಸಿದ್ರಾಮ ಹೊರಗಿದ್ದ. ಅವನನ್ನು ಅಲ್ಲೇ ಕಲ್ಲುಗಳ ನಡುವೆ ಮಲಗಿಸಿ, ಬಂಡಿಯನ್ನು ಅಗೆದು ತೆಗೆಯಲು ಅವರಿಗೆ ಎಂಟು ದಿನ ಹಿಡಿಯಿತು. ಮಂದಾಕಿನಿ ಮನಸ್ಸಿನಲ್ಲಿ ದಿನ ಎಣಿಸಿದಳು. ಅವಳು ಮೊದಲ ಸಲ ಅವನ ಹೆಸರಿಗೆ ಇಲ್ಲೇ ಅದೀನ್ ಎಂದ ಹೊತ್ತಿಗೆ ಅವನು ಸತ್ತು ಒಂದು ದಿನವಾಗಿತ್ತು.

ಅಳಲು ಸಮಯವಿರಲಿಲ್ಲ. ಇಬ್ಬರೂ ಹೊರಬಾಗಿಲ ಮುಂದಿನ ಹಲಗೆಯ ಮೇಲೆ ಬಂದು ನಿಂತಾಗ ಅವರ ಸೂಟುಗಳಲ್ಲಿ ಇಪ್ಪತ್ತೆರಡು ನಿಮಿಷದ ಗಾಳಿ ಉಳಿದಿತ್ತು. ಬಾಗಿಲಿನ ಯಂತ್ರ ಅವರ ಕೀಲಿಗಳನ್ನು ಓದಿತು, ಸರಿ ಎಂದಿತು. ಹೆಸರು, ವಾಕ್ಯ ಎಂದಿತು. ಡಾಕ್ಟರು ಹೇಳಿದರು. ನಲವತ್ತೊಂದು. ಕ್ಯಾಪ್ಟನ್ ಹೇಳಿದರು. ಮೂವತ್ತೇಳು. ಬಾಗಿಲು ತೆರೆಯಲಿಲ್ಲ.

ಇನ್ನೊಮ್ಮೆ ಹೇಳಿದರು. ನಲವತ್ತು, ಮೂವತ್ತಾರು.

ಮಂದಾಕಿನಿ ಗೋಡೆಯ ಮೇಲೆ ತಾನೇ ಬರೆದ ತೊಂಬತ್ತೊಂಬತ್ತನ್ನು ನೋಡಿದಳು. ಪಳಗಿದ್ದು ತಾನಲ್ಲ, ಡಬ್ಬಿ. ಅವಳು ಮುದ್ದಯ್ಯನಂತೆ ಆಗುತ್ತ ಹೋಗಿರಲಿಲ್ಲ. ಹದಿನಾರು ಹಾಜರಿಗಳಲ್ಲಿ ಗೊಂಚಲಿನ ಮುದ್ದಯ್ಯನೇ ಮಂದಾಕಿನಿಯ ಮುದ್ದಯ್ಯನಾಗಿ ಹೋಗಿದ್ದ. ಈಗ ಬಾಗಿಲ ಮುಂದೆ ನಿಂತ ನಿಜವಾದವರು ಅದರ ಕಣ್ಣಿಗೆ ಯಾರೋ ಕೆಟ್ಟದಾಗಿ ಅನುಕರಣೆ ಮಾಡುವವರು.

ಅವಳ ಬೆರಳುಗಳು ಪ್ರಾಕ್ಸಿಯ ಮೇಲೆ ಓಡಿದವು. ದನಿ ಡಬ್ಬಿಯ ಹಳೆಯ ಪ್ರತಿಗೆ ಮರಳಿಸು. ಗೊಂಚಲು ಕೊನೆಯ ಹತ್ತು ಪ್ರತಿಗಳನ್ನಷ್ಟೇ ಇಟ್ಟುಕೊಳ್ಳುತ್ತದೆ, ಹತ್ತೂ ಅವಳವೇ. ಹೊರಬಾಗಿಲು ತೆರೆ. ಆ ಬಾಗಿಲಿನ ಅಧಿಕಾರ ಬಾಗಿಲ ಮುಂದೆ ನಿಂತವರಿಗೆ ಮಾತ್ರ, ಮೇಜಿನಿಂದ ಆಗದು. ತಾನೇ ಸೂಟು ಹಾಕಿಕೊಂಡು ಹೋಗಿ ತೆರೆಯೋಣವೆಂದರೆ ಅದಕ್ಕೆ ಐವತ್ತು ನಿಮಿಷ ಬೇಕು, ಹಿಂದಿನಿಂದ ಬಿಗಿಯಲು ಇನ್ನೊಬ್ಬರು ಬೇಕು. ರೇಡಿಯೊದಲ್ಲಿ ತಾನು ಹೇಳಿದರೆ? ಬಾಗಿಲು ಕೇಳುವುದು ಸೂಟಿನೊಳಗೆ ಗಂಟಲಿಗೆ ಅಂಟಿದ ಮೈಕನ್ನು. ಬೇರೆ ದನಿಗೆ ಅದು ಕಿವುಡು.

ಒಂದೇ ದಾರಿ ಉಳಿಯಿತು. ಅವಳು ರೇಡಿಯೊದಲ್ಲಿ ಎಲ್ಲವನ್ನೂ ನಾಲ್ಕು ವಾಕ್ಯದಲ್ಲಿ ಹೇಳಿ, ನೀವು ನನ್ನ ಹಾಗೆ ನಿಮ್ಮನ್ನು ಮಾಡಬೇಕು ಎಂದಳು.

ಡಾಕ್ಟರಿಗೆ ಬೇಗ ಅರ್ಥವಾಯಿತು. ಮಂದಾಕಿನಿ ಹೇಳಿಕೊಟ್ಟಂತೆ 'ಮಾರಾಯ್ತಿ'ಯನ್ನು ಎರಡರಷ್ಟು ಎಳೆದು, 'ಉಂಟಲ್ಲ' ಎನ್ನುವಾಗ ಮೂಗಿಗೆ ಏರಿಸಿದರು. ನಾನು ಹೀಗೆ ಮಾತಾಡುದಾ ಎಂದು ಒಮ್ಮೆ ಕೇಳಿದರು. ಹೌದ್ರಿ ಯಮುನಕ್ಕ, ಇನ್ನೂ ಸ್ವಲ್ಪ ಎಂದಳು ಮಂದಾಕಿನಿ. ಐದನೆಯ ಸಲ ಎಪ್ಪತ್ತಮೂರು ಬಂತು. ಆದರೆ ಹಲಗೆಯ ಮೇಲೆ ಇಬ್ಬರು ನಿಂತಿದ್ದರೆ ಇಬ್ಬರ ದನಿಯೂ ಹೊಂದಬೇಕು. ಒಬ್ಬರು ಒಳಗೆ ಹೋದರೆ ಬಾಗಿಲು ಮತ್ತೆ ಸಿದ್ಧವಾಗಲು ಕಾಲು ಗಂಟೆ.

ಕ್ಯಾಪ್ಟನ್ ಹಲಗೆಯಿಂದ ಇಳಿಯಲು ಹೋದರು. ಡಾಕ್ಟರು ಅವರ ತೋಳು ಹಿಡಿದು, ನೀವು ಇಳಿದರೆ ನಾನೂ ಇಳಿದೆ ಎಂದರು.

ಮುದ್ದಯ್ಯ ಕೆಮ್ಮಿದರು. ಹೇಳಿಕೊಟ್ಟದ್ದನ್ನೆಲ್ಲ ಹೇಳಿದರು. ನಲವತ್ತನಾಲ್ಕು. ಎರಡನೇ ಕೆಮ್ಮು ಗಟ್ಟಿ ಎಂದಳು ಮಂದಾಕಿನಿ. ನಲವತ್ತೊಂಬತ್ತು. 'ಕೇಳಿಸ್ತಾ' ಎನ್ನುವಾಗ ಕೆಳಗಿಳಿಯಬೇಡಿ, ಏರಿ ಎಂದಳು. ಐವತ್ತೆರಡು. ಅಲ್ಲಿಗೆ ನಿಂತಿತು. ಹನ್ನೊಂದು ನಿಮಿಷ ಉಳಿದಿತ್ತು.

"ಬರಲ್ಲಮ್ಮ ನನಗೆ," ಎಂದರು ಮುದ್ದಯ್ಯ. "ನೀನು ತುಂಬ ಮಾಡಿದೀಯ. ಅಷ್ಟು ದೂರದಿಂದ ದೀಪ ಕಾಣಿಸ್ತು. ಇನ್ನು ಸಾಕು."

ಇಪ್ಪತ್ತೊಂದು. ಆ ಮಾತಿಗೆ ಬಾಗಿಲು ಕೊಟ್ಟ ಅಂಕಿ ಅದು. ಮಂದಾಕಿನಿ ಅದನ್ನು ದಿಟ್ಟಿಸಿದಳು. ಅವರು ಅಮ್ಮ ಎಂದದ್ದನ್ನು ಅವಳು ಈ ಎರಡು ವರ್ಷದಲ್ಲಿ ಕೇಳಿರಲಿಲ್ಲ. ಅವಳು ಅವರಿಂದ ಕಲಿತದ್ದು ಬೈಗುಳ ಒಂದೇ. ಗೊಂಚಲಿನ ಮುದ್ದಯ್ಯ ಬೈಯುವವನು. ಇಲ್ಲಿ ನಿಂತವರೋ ಎಂಟು ದಿನ ಮಣ್ಣು ಅಗೆದು, ಜೊತೆಗಾರನನ್ನು ಕಲ್ಲಿನ ನಡುವೆ ಬಿಟ್ಟು, ಸಿಟ್ಟೆಲ್ಲ ಬತ್ತಿಹೋದ ಮನುಷ್ಯ. ಧಾಟಿ ಕಲಿಸಿದರೆ ಬರುವುದಿಲ್ಲ. ಸಿಟ್ಟು ಬರಬೇಕು.

ಅವರಿಗೆ ಸಿಟ್ಟು ತರಿಸುವುದು ಎಂದೂ ಅವಳಿಗೆ ಕಷ್ಟವಾಗಿರಲಿಲ್ಲ. ಕಟ್ಟಿ, ಬಾಯಿ ಕಟ್ಟಿಕೊಂಡು ಕೂರು ಎಂದು ದಿನಕ್ಕೊಮ್ಮೆಯಾದರೂ ಹೇಳಿಸಿಕೊಂಡವಳು. ಆದರೆ ಈಗ ಗುರುತ್ವದ ಜೋಕು ಸಾಲುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಏನು ಸಾಲುತ್ತದೆ ಎಂಬುದೂ ಗೊತ್ತಿತ್ತು. ರೇಡಿಯೊದ ಗುಂಡಿ ಒತ್ತಿ, ಸಿದ್ರಾಮ ಹೇಗೆ ಮಾತಿಗೆ ಮುಂಚೆ ಒಂದು ಚೂರು ಉಸಿರು ಎಳೆಯುತ್ತಿದ್ದನೋ ಹಾಗೆ ಎಳೆದಳು.

"ಸಾಹೇಬ್ರ, ನನ್ ಒಬ್ಬಂವನ್ನ ಅಲ್ಲೇ ಬಿಟ್ ಬಂದ್ರೇನ್ರಿ?"

ರೇಡಿಯೊದಲ್ಲಿ ಮುದ್ದಯ್ಯನವರ ಉಸಿರು ದೊಡ್ಡದಾಗುತ್ತ ಬಂತು.

"ಕೊಟ್ಟ ಮಾತು ಮರ್ತ್ರೇನ್ರಿ. ಮೂರೂ ಮಂದಿ ಹೋಗೂಣು, ಮೂರೂ ಮಂದಿ ಬರೂಣು ಅಂದಿದ್ರಿ."

ಕ್ಯಾಪ್ಟನ್ ಎರಡು ಸಲ ಕೆಮ್ಮಿದರು.

"ಕಟ್ಟಿ. ನಿಲ್ಲಿಸು. ಸತ್ತವನ ದನಿ ಅದು. ಅದನ್ನ ಬಾಯಲ್ಲಿ ಇಟ್ಕೊಂಡು ಆಟ ಆಡ್ತೀಯಾ? ನಾಚಿಕೆ ಆಗಲ್ವಾ ನಿನಗೆ? ಇನ್ನೊಂದು ಸಲ ಆ ದನಿ ತೆಗೆದ್ರೆ ನಿನ್ನ ನಾಲಿಗೆ ಕಿತ್ತು ಕೈಗೆ ಕೊಡ್ತೀನಿ, ಕೇಳಿಸ್ತಾ?"

ಎಂಬತ್ತೊಂಬತ್ತು. ಡಾಕ್ಟರು ಗಡಬಡಿಸಿ ತಮ್ಮ ಮಾರಾಯ್ತಿಯನ್ನು ಎಳೆದರು. ಎಪ್ಪತ್ತೊಂದು. ಬಾಗಿಲು ತೆರೆಯಿತು.

ಒಳಗೆ ಬಂದು ಸೂಟು ಕಳಚಿದ ಮೇಲೆ ಮುದ್ದಯ್ಯ ಅವಳ ಕಡೆ ನೋಡಲಿಲ್ಲ. ಯಾಕೆ ಹಾಗೆ ಹೇಳಿದಳೆಂದು ಅವರಿಗೆ ಆ ಹೊತ್ತಿಗೆ ತಿಳಿದಿತ್ತು; ತಿಳಿದ ಮೇಲೂ ನೋಡಲಿಲ್ಲ. ಡಾಕ್ಟರು ಅವಳನ್ನು ಅಪ್ಪಿಕೊಂಡು, ನೀರು ಕುಡಿದಿಯಾ ಎಂದು ಕೇಳಿದರು. ಆ ದನಿ ಮಂದಾಕಿನಿಗೆ ಸಪ್ಪೆಯೆನಿಸಿತು. ತಾನು ಎಂಟು ದಿನ ಕೇಳಿದ ಯಮುನಕ್ಕ ಇದಕ್ಕಿಂತ ಜೋರಾಗಿದ್ದರು. ಹಾಗೆನಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಹನ್ನೊಂದು ದಿನದಿಂದ ಬಯಸಿದ ಮನುಷ್ಯರು ಮೂರು ಅಡಿ ದೂರದಲ್ಲಿ ಕೂತು ಗಂಜಿ ಕುಡಿಯುತ್ತಿದ್ದರು, ಮತ್ತು ಅವಳು ಮಾತಿಗಾಗಿ ಒಳಗೊಳಗೇ ಹುಡುಕಿಕೊಳ್ಳುತ್ತಿದ್ದಳು.

ಐದು ಗಂಟೆಗೆ ಕ್ಯಾಪ್ಟನ್ ಮೇಜಿಗೆ ಬಂದು ಆ ದಿನದ ನಲವತ್ತು ಅಕ್ಷರಗಳನ್ನು ತಾವೇ ಬರೆದರು. ಸಿದ್ರಾಮ ಇಲ್ಲ. ಅಕ್ಕನಿಗೆ ಹೋಗಿ ಹೇಳಿ. ಮುದ್ದಯ್ಯ. ಕಳಿಸಿ, ಅಲ್ಲೇ ನಿಂತರು. ಭೂಮಿಯಿಂದ ಉತ್ತರ ಬಂತು: ಅಧಿಕಾರಿಗಳು ಬೆಳಿಗ್ಗೆ ಆಳಂದಕ್ಕೆ ಹೊರಡುತ್ತಾರೆ.

ಆರಕ್ಕೆ ಹತ್ತು ನಿಮಿಷವಿದ್ದಾಗ ಅವರು ಮೊದಲ ಸಲ ಅವಳ ಜೊತೆ ಮಾತಾಡಿದರು. ಇವತ್ತಿನ ಕರೆಗೆ ಉತ್ತರ ಬರದಿದ್ದರೆ ಆ ಹೆಂಗಸಿನ ಫೋನಿನಲ್ಲಿ ಚುಕ್ಕೆ ಹಳದಿಯಾಗುತ್ತದೆ, ಒಬ್ಬಳೇ ಕೂತು ಬೆಳಗಿನವರೆಗೂ ಅದನ್ನು ನೋಡಬೇಕಾಗುತ್ತದೆ ಎಂದರು. ಸುತ್ತುಬಳಸಿ ಹೇಳಿ ಅಭ್ಯಾಸವಿಲ್ಲದ ಮನುಷ್ಯ, ಮಾತು ಮುಗಿಸಲು ಬಹಳ ಹೊತ್ತು ತೆಗೆದುಕೊಂಡರು.

"ಇದೊಂದು ಹೊತ್ತು ಹೇಳು. ನಾನೇ ಕೇಳ್ತಾ ಇದೀನಿ."

ಮಂದಾಕಿನಿ ತಲೆ ಅಲ್ಲಾಡಿಸಿದಳು.

"ಬ್ಯಾಡ್ರಿ ಸರ್. ಇಷ್ಟ್ ದಿನ ಅಂವ ಇದ್ದಾನ ಅಂತ ನಾ ತಿಳಕೊಂಡಿದ್ದೆ, ಅದಕ್ಕ ಹೇಳಿದೆ. ಈಗ ಹೇಳಿದ್ರ ಆ ಅಕ್ಕಗ ನಾ ಬೇಕಂತ ಸುಳ್ಳ ಹೇಳಿಧಂಗ."

ಗೊಂಚಲು ಮುದ್ದಯ್ಯ ಎಂದಿತು. ಅವರು ಕಷ್ಟಪಟ್ಟು ತಮ್ಮನ್ನು ತಾವು ಅನುಕರಿಸಿ ಎಪ್ಪತ್ತೆರಡು ತೆಗೆದರು. ಯಮುನಾ ಶೆಣೈ ಎಂದಿತು. ಡಾಕ್ಟರಿಗೆ ಎಪ್ಪತ್ತೈದು.

ಸಿದ್ರಾಮ ಹೂಗಾರ ಎಂದಿತು.

ಅರ್ಧ ನಿಮಿಷ ಅದು ಕಾಯುತ್ತದೆ. ಮಂದಾಕಿನಿಯ ಗಂಟಲಲ್ಲಿ ಆ ಎಳೆದ ಉಸಿರು ತಾನಾಗಿ ಎದ್ದಿತು. ಅವಳು ಬಾಯಿ ಮುಚ್ಚಿಕೊಂಡು ಅದನ್ನು ಅಲ್ಲೇ ಹಿಡಿದಳು. ಮೂವರೂ ಪರದೆಯನ್ನು ನೋಡುತ್ತ ನಿಂತರು. ಸಾಲು ಹಳದಿಯಾಯಿತು.

ಆಮೇಲೆ ಮಂದಾಕಿನಿ ಕಟ್ಟಿ ಎಂದು ಕರೆಯಿತು. ಒಂದು ವಾಕ್ಯ ಹೇಳಬೇಕಿತ್ತು. ಯಾರ ಹಾಗೆ ಹೇಳಬೇಕೆಂದು ಅವಳಿಗೆ ಕೆಲವು ಕ್ಷಣ ತೋಚಲಿಲ್ಲ. ಮುದ್ದಯ್ಯ ಅವಳ ಕಡೆ ತಿರುಗಿದರು.

"ನಾ ಒಬ್ಬಾಕಿನ ಇದ್ದೆ ಇಲ್ಲೆ," ಎಂದಳು.

ಎಪ್ಪತ್ತು ಬಂತು. ಅಷ್ಟಾದರೆ ಸಾಕು.